ಸಿಪ್ರಿಯನ್ ಬಾಬ್‌ಗಾಗಿ ಬಾರಿಸಿದ ಗಂಟೆ

1974ರ ನವೆಂಬರ್ 17, ಭಾನುವಾರ. ನನ್ನ ಡೈರಿಯಲ್ಲಿ ಹೀಗಿದೆ: "ಇಗರ್ಜಿಯಲ್ಲಿ ಹೊಸ ಗಂಟೆ ಬಾರಿಸಿದರು. ಸಿಪ್ರಿಯನ್ ಬಾಬ್ ಆರೋಗ್ಯವಾಗಿದ್ದಾರೆ."

ನಮ್ಮೂರ ಚರ್ಚಿಗೆ ಆ ಗಂಟೆ ಕೊಡಿಸಿದವರು ಮುಂಬಯಿಯಲ್ಲಿ ದುಡ್ಡು ಮಾಡಿ ಬಂದ, ಊರವರು ಗೌರವದಿಂದ 'ಬಾಬ್' ಎಂದು ಕರೆಯುವ ಇದೇ ಸಿಪ್ರಿಯನ್. ಅದರ ಮೇಲೆ ಹೆಸರು ಕೆತ್ತಿಸಿದ್ದು ಸಾಲದೆ, ಗಂಟೆ ಬಾರಿಸುವ ಬಾಸ್ತಿಯನ್ನು ಕರೆಸಿದರು.

"ಭಾನುವಾರ ನನ್ನ ಕಾರು ಗೇಟಿಗೆ ಬಂದಾಗ ಗಂಟೆ ಬಾರಿಸಬೇಕು. ನನ್ನೊಬ್ಬನಿಗಾಗಿ. ಆಗದಿದ್ದರೆ ಬೇರೆಯವನನ್ನು ಇಡಿಸುತ್ತೇನೆ."

ಬಾಸ್ತಿಗೆ ಐದು ಮಕ್ಕಳು, ಬೇರೆ ಸಂಪಾದನೆಯಿಲ್ಲ. ಅವನು ತಲೆ ತುರಿಸಿಕೊಂಡ. "ಒಬ್ಬರಿಗಾಗಿ ಬಾರಿಸುವ ಕ್ರಮ ನಮ್ಮಲ್ಲಿ ಒಂದೇ ಇರುವುದು, ಬಾಬ್."

"ಅದನ್ನೇ ಬಾರಿಸು. ನಾನು ಕೊಡಿಸಿದ ಗಂಟೆಗೆ ನಿನ್ನದೇನು ತಕರಾರು?"

ಕಾರು ಬಂತು. ಬಾಸ್ತಿ ಹಗ್ಗ ಎಳೆದ. ಒಂದು ಹೊಡೆತ, ಉದ್ದನೆಯ ಮೌನ, ಮತ್ತೊಂದು ಹೊಡೆತ. ಸಾವಿನ ಗಂಟೆ. ಪೂಜೆಗೆ ಸೇರಿದ್ದವರೆಲ್ಲ ಶಿಲುಬೆಯ ಗುರುತು ಹಾಕಿಕೊಂಡು ಹೊರಗೆ ಬಂದರು.

"ಯಾರು ಹೋದದ್ದು ಮಾರಾಯ?"

"ಸಿಪ್ರಿಯನ್ ಬಾಬ್‌ಗಾಗಿ ಬಾರಿಸುತ್ತಿದ್ದೇನೆ" ಎಂದ ಬಾಸ್ತಿ, ಹಗ್ಗ ಬಿಡದೆ.

ಕಾರಿನಿಂದ ಇಳಿದ ಬಾಬ್, ಜನ ಸ್ವಾಗತಕ್ಕೆ ಬಂದರೆಂದು ಕೈ ಮುಗಿದರು. ಇಬ್ಬರು ಹೆಂಗಸರು ಕಿರುಚಿ ಹಿಂದೆ ಸರಿದರು. ವಂತಿಗೆ ಎತ್ತುವ ಗುರಿಕಾರರು ಮಾತ್ರ ಹೆದರಲಿಲ್ಲ.

"ನೀವೇ ಬಂದದ್ದು ಒಳ್ಳೆಯದಾಯಿತು, ಬಾಬ್. ನಿಮ್ಮ ಏಳು ವರ್ಷದ ವಂತಿಗೆ ಬಾಕಿ ಇದೆ. ಅದು ತೀರದೆ ಇಲ್ಲಿ ಹೂಳುವ ಹಾಗಿಲ್ಲ."

ಬಾಬ್ ಕೆಂಪಾಗಿ ಗಂಟೆಗೋಪುರದ ಕಡೆ ತಿರುಗಿದರು.

"ಮುಂದಿನ ಭಾನುವಾರವೂ ಬಾರಿಸಲೇ, ಬಾಬ್?" ಎಂದು ಬಾಸ್ತಿ ವಿನಯದಿಂದ ಕೇಳಿದ.

"ಬೇಡ ಮಾರಾಯ."

ಆ ವರ್ಷ ಇಗರ್ಜಿಯ ಲೆಕ್ಕ ಬರೆದವಳು ನಾನೇ. ಹಳೆಯ ವಂತಿಗೆ ಎಂಬತ್ತನಾಲ್ಕು ರೂಪಾಯಿ, ದುಃಖಕ್ಕೆ ನೆರೆದವರ ಕಾಫಿಗೆ ಹನ್ನೊಂದು ರೂಪಾಯಿ. ಎರಡನ್ನೂ ಬಾಬ್ ಕೊಟ್ಟರು. ಬಾಸ್ತಿಯ ಸಂಬಳವನ್ನು ಎಂದಿನಂತೆ ಇಗರ್ಜಿ ಕೊಟ್ಟಿತು.