ಕಾದ ಜೆಟ್ ಸ್ಕೀ

ಮಂಜು ಕವಿದ ಸಂಜೆ. ರೆಸಾರ್ಟ್ ಯಜಮಾನ ಪುರಂದರ ಶೆಟ್ಟರನ್ನು ಹಿಂದೆ ಕೂರಿಸಿಕೊಂಡು ಸುಗಂಧಿ ಖಾರ್ವಿ ಜೆಟ್ ಸ್ಕೀ ಓಡಿಸುತ್ತಿದ್ದಳು. ನಡುಗಡಲಲ್ಲಿ ಇಂಜಿನ್ ಕಾದು ಕೂಗತೊಡಗಿತು. ಅದನ್ನು ತಣಿಸುವ ನೀರಿನ ದಾರಿ ಕಟ್ಟಿಕೊಂಡಿತ್ತು.

“ಮಿನಿಸ್ಟರು ಕಾಯ್ತಿದ್ದಾರೆ. ನಿಲ್ಲಿಸಿದರೆ ನಿನ್ನ ಕೆಲಸ ಹೋಯ್ತು!” ಶೆಟ್ಟರು ಗದರಿದರು.

ಓಡಿಸಿದರೆ ಇಂಜಿನ್ ಸುಟ್ಟು ಇಬ್ಬರೂ ಕಡಲ ಪಾಲು. ಸುಗಂಧಿ ದನಿ ತಗ್ಗಿಸಿದಳು. “ಆಯ್ತು ಸರ್. ಆದರೆ ಇದು ಮುಳುಗಿದವರ ಜಾಗ. ಸದ್ದು ಕೇಳಿದರೆ ಮೇಲೆ ಬರ್ತಾರೆ.”

ಶೆಟ್ಟರೇ ಕೈ ಚಾಚಿ ಇಂಜಿನ್ ಆರಿಸಿದರು.

ಅವಳು ನೀರಿಗಿಳಿದು, ನೀರು ಒಳಗೆಳೆಯುವ ತಳದ ಜಾಲರಿಗೆ ಸುತ್ತಿದ್ದ ಪಾಚಿಯನ್ನು ಎರಡೂ ಕೈಯಿಂದ ಕಿತ್ತು ಮೇಲೆ ಬಂದಳು. ಇಂಜಿನ್ ಸರಾಗವಾಗಿ ಓಡಿತು.

“ಸುಳ್ಳು ಹೇಳಿ ಹೆದರಿಸಿದೆಯಲ್ಲ?”

“ಹೌದು ಸರ್. ಬೇರೆ ದಾರಿ ಇರಲಿಲ್ಲ.”

“ಅದು ಸಾಲದು ಅಂತ ನೀರೊಳಗಿಂದ ನನ್ನ ಕಾಲು ಬೇರೆ ಹಿಡಿದೆ!”

ಸುಗಂಧಿಯ ಕೈ ಜಾಲರಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅವಳು ದಡದ ಕಡೆಗೆ ಪೂರ್ತಿ ವೇಗ ಕೊಟ್ಟಳು.