ಖಾಲಿ ಎಂದು ತೋರಿದ ಜಾಗ

ಹೇಮಾವತಿಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿನ ನಿರ್ವಾಣಸ್ವಾಮಿಗಳಿಗೆ ಚಂದ್ರಚೂಡ ಎಂಬ ಶಿಷ್ಯನಿದ್ದ. ಅಚ್ಚುಕಟ್ಟು ಅಂದರೆ ಅವನಿಗೆ ಪ್ರಾಣ. ಭಕ್ತರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿಡುವ ಆಸಾಮಿ.

ಮಠದ ಕಂಪ್ಯೂಟರ್ ಅವನ ವಶದಲ್ಲಿತ್ತು. ಸ್ವಾಮಿಗಳ ಗುರುಗಳಾಗಿದ್ದ ದೊಡ್ಡಬುದ್ಧಿಯವರು ಲಿಂಗೈಕ್ಯರಾಗುವ ಮೊದಲು ಮಾಡಿದ ಪಾಠಗಳೆಲ್ಲ ಅದರೊಳಗೆ ಅವರದೇ ದನಿಯಲ್ಲಿದ್ದವು. ಬೇರೆಲ್ಲೂ ಇರಲಿಲ್ಲ. ದಿನಾ ಬೆಳಗಿನ ಪೂಜೆಯಾದ ಮೇಲೆ ಸ್ವಾಮಿಗಳು ಒಂದು ಪಾಠ ಕೇಳುತ್ತಿದ್ದರು. ಚಂದ್ರಚೂಡ ಅದನ್ನು ಹಾಕಿಕೊಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದ.

ಇತ್ತೀಚೆಗೆ ಕಂಪ್ಯೂಟರ್ ತೀರಾ ನಿಧಾನವಾಗಿತ್ತು. ಯಾಕೆಂದು ಹುಡುಕಿದಾಗ ಅವನಿಗೆ ಗೊತ್ತಾಯಿತು, ಒಂದು ಪಾಠ ಡಿಸ್ಕಿನಲ್ಲಿ ಒಂದೇ ಕಡೆ ಇರುವುದಿಲ್ಲ. ಜಾಗ ಸಿಕ್ಕಸಿಕ್ಕಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ. ಯಾವ ಚೂರು ಎಲ್ಲಿದೆ ಎಂಬ ಗುರುತನ್ನು ಯಂತ್ರ ಬೇರೆಯೇ ಇಟ್ಟುಕೊಂಡು, ಕೇಳಿದಾಗ ಜೋಡಿಸಿ ಕೊಡುತ್ತದೆ.

ದೊಡ್ಡಬುದ್ಧಿಯವರ ಮಾತು ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಚೂರುಗಳನ್ನು ಒಂದೆಡೆ ಸೇರಿಸುವ ಏರ್ಪಾಡು ಯಂತ್ರದಲ್ಲೇ ಇತ್ತು. ಅದಕ್ಕೆ ಖಾಲಿ ಜಾಗ ಬೇಕಿತ್ತು.

ನೋಡಿದರೆ ಪಾಠಗಳ ಫೋಲ್ಡರ್ ಎರಡಿದ್ದವು, ಎರಡರಲ್ಲೂ ಅವೇ ಹೆಸರುಗಳು. ಹಳೆಯದನ್ನು ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಜೋಡಿಸುವ ಕೆಲಸ ಶುರುಮಾಡಿ, ಸಮಾಧಾನದಿಂದ ಕೈಕಟ್ಟಿ ಕೂತ.

ಸುಮ್ಮನಿರಲಾರದೆ ಹೊಸ ಫೋಲ್ಡರಿನ ಒಂದು ಪಾಠ ಒತ್ತಿದ. ತೆರೆಯಲಿಲ್ಲ. ಇನ್ನೊಂದು ಒತ್ತಿದ. ಅದೂ ಇಲ್ಲ. ಅಲ್ಲಿದ್ದದ್ದು ಬರೀ ಶಾರ್ಟ್‌ಕಟ್‌ಗಳು, ಹಳೆಯ ಫೋಲ್ಡರಿಗೆ ದಾರಿ ತೋರಿಸುವ ಹೆಸರುಗಳು. ದನಿ ಇದ್ದದ್ದು ಅಳಿಸಿದ್ದರಲ್ಲಿ.

ಅವನಿಗೆ ಎಲ್ಲಾದರೂ ಓಡಿಹೋಗಿಬಿಡಲೇ ಎನಿಸಿತು, ನಿಜವಾಗಿ ಹೊಸಿಲವರೆಗೂ ಹೋದ. ಎದುರಿಗೆ ಸ್ವಾಮಿಗಳು ಪೂಜೆ ಮುಗಿಸಿ ಪಾಠ ಕೇಳಲು ಬರುತ್ತಿದ್ದರು.

ತೊದಲುತ್ತ ಎಲ್ಲವನ್ನೂ ಹೇಳಿದ. ಸ್ವಾಮಿಗಳು ಗೋಡೆ ಹಿಡಿದು ನಿಂತರು. ಆಮೇಲೆ ಪರದೆಯ ಮೇಲೆ ಸರಿದಾಡುತ್ತಿದ್ದ ಬಣ್ಣದ ಚೌಕಗಳನ್ನು ನೋಡಿದರು.

"ಇದೇನು ಮಾಡ್ತಿದೆ ಈಗ?"

"ಚೂರುಗಳನ್ನ ತಂದು ಖಾಲಿ ಜಾಗದಲ್ಲಿ ಜೋಡಿಸ್ತಿದೆ, ಬುದ್ಧಿ."

"ಖಾಲಿ ಜಾಗ ಅಂದ್ರೆ? ಪಾಠ ಇದ್ದ ಜಾಗವಾ?"

ಚಂದ್ರಚೂಡ ತಟ್ಟನೆ ಪರದೆಯತ್ತ ತಿರುಗಿದ. ಅಳಿಸಿದಾಗ ಹೋಗುವುದು ಗುರುತು ಮಾತ್ರ. ದನಿ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೊಂದು ಬಂದು ಕೂರುವವರೆಗೆ. ಎಲ್ಲೋ ಓದಿದ್ದು ಈಗ ನೆನಪಾಯಿತು, ಅದನ್ನೂ ಹೇಳಿದ.

ನಡುವೆ ನಿಲ್ಲಿಸಿದರೆ ಉಳಿದದ್ದೂ ಕೆಡಬಹುದು, ಯಾರನ್ನಾದರೂ ಕೇಳಲೇ, ಏನು ಮಾಡಲಿ ಎಂದು ಅವನು ಬಡಬಡಿಸತೊಡಗಿದ.

ಸ್ವಾಮಿಗಳು ಬಗ್ಗಿ ಗೋಡೆಯಿಂದ ವೈರ್ ಕಿತ್ತರು.

ಪರದೆ ಕಪ್ಪಾಯಿತು.

"ಒಂದೇ ಒಂದ್ಸಲ ಹಾಕಿ ನೋಡ್ಲಾ ಬುದ್ಧಿ, ಎಷ್ಟು ಉಳಿದಿದೆ ಅಂತ?"

"ಬೇಡ."

"ಏನಾದ್ರೂ ಮಾಡದೆ ಇರೋಕಾಗ್ತಿಲ್ಲ."

"ಮಾಡಿದ್ದು ಸಾಕು. ತೊಡೆ ಮೇಲೆ ಕೈ ಇಟ್ಕೊಂಡು ಕೂತ್ಕೋ."

ಡಿಸ್ಕ್ ಹಾಸನಕ್ಕೆ ಹೋಯಿತು. ಅಳಿಸಿದ್ದನ್ನು ಹುಡುಕಿ ತೆಗೆಯುವವರೊಬ್ಬರು ಅಲ್ಲಿದ್ದರು. ಏನನ್ನೂ ಈಗಲೇ ಹೇಳಲಾಗದು ಎಂದರು.

ಕಾಯುವುದು ಶುರುವಾಯಿತು. ಚಂದ್ರಚೂಡನಿಗೆ ಊಟ ಸೇರದು, ನಿದ್ದೆ ಹತ್ತದು. ಫೋನು ಸದ್ದಾದರೆ ಓಡಿಹೋಗಿ ಎತ್ತುತ್ತಿದ್ದ. ಸ್ವಾಮಿಗಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬೈಯಲಿಲ್ಲ. ದಿನಾ ಪೂಜೆಯಾದ ಮೇಲೆ ಬಂದು, ಕಪ್ಪು ಪರದೆಯ ಮುಂದೆ ಪಾಠದಷ್ಟೇ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಅವನೂ ಹಿಂದೆ ಕೂರುತ್ತಿದ್ದ. ಮೊದಮೊದಲು ಕೈ ಏನನ್ನಾದರೂ ಜೋಡಿಸಲು ಹೋಗುತ್ತಿತ್ತು. ಬರಬರುತ್ತಾ ತೊಡೆಯ ಮೇಲೇ ನಿಂತಿತು, ಹೆದರಿಕೆ ಮಾತ್ರ ಹಾಗೇ ಇತ್ತು.

ಕೊನೆಗೆ ಡಿಸ್ಕ್ ಬಂತು. ಬಹುಪಾಲು ಪಾಠಗಳು ಸಿಕ್ಕಿದ್ದವು. ಹೆಸರಿಲ್ಲ, ಕ್ರಮವಿಲ್ಲ. ಅವನ ಅಚ್ಚುಕಟ್ಟು ಬಂದು ಕೂತಿದ್ದ ಕಡೆಗಳಲ್ಲಿ ಮಾತು ಹೋಗಿತ್ತು.

ಮರುದಿನ ಬೆಳಿಗ್ಗೆ ಕೈಗೆ ಸಿಕ್ಕ ಒಂದು ಪಾಠ ಹಾಕಿದ. ಈ ಸಲ ಬೇರೆ ಕೆಲಸಕ್ಕೆ ಹೋಗಲಿಲ್ಲ. ದೊಡ್ಡಬುದ್ಧಿಯವರು ಕೆಮ್ಮಿದರು, ಗಂಟಲು ಸರಿಮಾಡಿಕೊಂಡರು.

"ಭಯ ಹೋಗಬೇಕಾದ್ರೆ ಮನುಷ್ಯ ಮೊದಲು..."

ದನಿ ನಿಂತಿತು. ಏನೂ ಇಲ್ಲ. ತುಂಬಾ ಹೊತ್ತು ಏನೂ ಇಲ್ಲ.

"...ಅಷ್ಟೇ. ಇನ್ನೇನೂ ಬೇಕಾಗಿಲ್ಲ," ಎಂದರು ದೊಡ್ಡಬುದ್ಧಿಯವರು.

ಚಂದ್ರಚೂಡ ಅತ್ತುಬಿಟ್ಟ. ಹೋಗಿ ಹೋಗಿ ಆ ಮಾತನ್ನೇ ಅಳಿಸಿದ್ದ.

"ಬುದ್ಧಿ, ನೀವು ಇದನ್ನ ಎಷ್ಟೋ ಸಲ ಕೇಳಿದೀರಿ. ಅಲ್ಲಿ ಏನಿತ್ತು, ನೆನಪಿದೆಯಾ?"

"ಇದೆ."

"ಹೇಳಿ ಬುದ್ಧಿ."

ಸ್ವಾಮಿಗಳು ಅವನ ಕಡೆ ತಿರುಗಿ ಕೂತರು.

"ಇಷ್ಟು ದಿನ ಭಯದ ಜೊತೆ ಕೂತಿದ್ದವನು ನೀನು. ನೀನು ಹೇಳು, ನಾನು ಕೇಳ್ತೀನಿ."