ನೋಡುವ ಸೂಜಿ

“ಬುದ್ಧಿ, ನಾಳೆ ನನಗೆ ದೀಕ್ಷೆ. ಮನಸ್ಸಿನಲ್ಲಿ ಕಲ್ಮಶ ಉಳಿದಿದೆಯೇ ಎಂದು ನೋಡಿಕೊಳ್ಳುತ್ತಲೇ ಇದ್ದೇನೆ. ಇನ್ನೆಷ್ಟು ಸಲ ನೋಡಿಕೊಂಡರೆ ಈ ಭಯ ಹೋಗುತ್ತದೆ?” ಎಂದು ಶಿಷ್ಯ ಮರಿದೇವ ಮಠದ ಗುರುಗಳನ್ನು ಕೇಳಿದ. ಮೂರು ದಿನದಿಂದ ಅವನಿಗೆ ಊಟ ಸೇರಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಕುಸುರಿಗಾರನಿದ್ದ. ಚಿನ್ನದ ತಗಡಿನ ಮೇಲೆ ಅಣುಗಳನ್ನು ಒಂದೊಂದಾಗಿ ಕೂರಿಸಿ ತಾನೇ ತಿರುಗುವ ಪುಟ್ಟ ಯಂತ್ರ ಕಟ್ಟುವುದು ಅವನ ಕಸುಬು. ಆ ಯಂತ್ರದ ಮುಂದೆ ಸಾಸಿವೆ ಕಾಳೂ ಬೆಟ್ಟ. ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದ್ದರಿಂದ ಅವನು ತಗಡಿಗೆ ತಾಗಿಯೂ ತಾಗದಂತೆ ಒಂದು ಸೂಜಿ ಇಳಿಸಿ, ಕುರುಡ ಮುಖ ಸವರಿ ಗುರುತು ಹಿಡಿಯುವ ಹಾಗೆ, ಎಲ್ಲಿ ಯಾವ ಅಣು ಇದೆಯೆಂದು ತಿಳಿಯುತ್ತಿದ್ದ. ಅಣುವನ್ನು ತಳ್ಳಿ ಕೂರಿಸುವುದೂ ಅದೇ ಸೂಜಿ; ಬರೀ ನೋಡಲು ಇಳಿಸಿದರೂ ಅಣು ಕದಲಬಹುದು. ಅದಕ್ಕೇ ಆ ಕಸುಬಿನವರಲ್ಲಿ ಒಂದು ಕಟ್ಟಳೆಯಿತ್ತು. ಕೆಲಸ ಮುಗಿದ ಮೇಲೆ ಒಂದೇ ಒಂದು ಸಲ ನೋಡಬೇಕು, ಮುಚ್ಚಳ ಮುಚ್ಚಿ ಎದ್ದುಬಿಡಬೇಕು.

ಅವನ ಒಬ್ಬಳೇ ಮಗಳ ರಕ್ತಕ್ಕೆ ವಿಷ ಸೇರಿತು. ವಿಷವನ್ನು ಹಿಡಿದು ಹೊರಹಾಕುವ ಯಂತ್ರ ಒಂದನ್ನು ಕಟ್ಟಿಕೊಡು, ಅದನ್ನೇ ಅಚ್ಚಾಗಿಟ್ಟುಕೊಂಡು ಲಕ್ಷ ಯಂತ್ರ ಮಾಡಿಸಿ ಅವಳ ರಕ್ತಕ್ಕೆ ಬಿಡುತ್ತೇನೆ ಎಂದ ವೈದ್ಯ. ಮೂರು ತಿಂಗಳ ಗಡುವು ಕೊಟ್ಟ. ಅದಕ್ಕಿಂತ ಒಂದು ವಾರ ತಡವಾದರೂ ಹುಡುಗಿ ಉಳಿಯುವುದಿಲ್ಲ ಎಂದೂ ಹೇಳಿಹೋದ.

ಕುಸುರಿಗಾರ ಬೆನ್ನೆತ್ತದೆ ದುಡಿದ. ವೈದ್ಯ ಬರುವ ಹಿಂದಿನ ದಿನ ಬೆಳಿಗ್ಗೆ ಕೆಲಸ ಮುಗಿಯಿತು. ಸೂಜಿ ಇಳಿಸಿ ನೋಡಿದ. ಎಲ್ಲ ಅಣುಗಳೂ ಇರಬೇಕಾದಲ್ಲೇ ಇದ್ದವು. ಮುಚ್ಚಳ ಕೈಗೆತ್ತಿಕೊಂಡ.

ಆಗ ಒಂದು ಅನುಮಾನ ಬಂತು. ಎಲ್ಲೋ ಒಂದು ಅಣು ತಪ್ಪಿ ಕೂತಿದ್ದು, ಅದು ತನ್ನ ಗಮನಕ್ಕೆ ಬಾರದೆ ಹೋಗಿದ್ದರೆ? ಅಚ್ಚಿನಲ್ಲಿ ಒಂದು ತಪ್ಪಾದರೆ ಮಗಳ ಮೈಯಲ್ಲಿ ಲಕ್ಷ ತಪ್ಪು. ಬೇರೆಯವರ ಮಗಳಿಗಾಗಿದ್ದರೆ ಮುಚ್ಚಳ ಮುಚ್ಚಿ ಕೈತೊಳೆದುಕೊಳ್ಳುತ್ತಿದ್ದ. ತನಗೆ ಭಯವಾಗಿದೆ ಎಂದು ಅವನು ಒಪ್ಪಲಿಲ್ಲ. ಇದು ಜವಾಬ್ದಾರಿ ಎಂದುಕೊಂಡ. ಭಯಕ್ಕೆ ಅಂಥ ಒಳ್ಳೊಳ್ಳೆಯ ಹೆಸರುಗಳು ಬೇಕಾದಷ್ಟಿವೆ.

ಎರಡನೆಯ ಸಲ ಸೂಜಿ ಇಳಿಸಿದ. ಸರಿಯಾಗಿಯೇ ಇತ್ತು. ಆದರೆ ಸೂಜಿ ಮೇಲೇಳುವಾಗ ಒಂದು ಅಣುವನ್ನು ಕೊಂಚ ಎಳೆಯಿತು. ಮೂರನೆಯ ಸಲ ನೋಡಿದಾಗ ಅದು ಪಕ್ಕಕ್ಕೆ ಸರಿದಿತ್ತು. ನನ್ನ ಅನುಮಾನ ಸುಳ್ಳಾಗಲಿಲ್ಲ, ಸದ್ಯ ನೋಡಿದೆ ಎಂದುಕೊಂಡು ಅದನ್ನು ಸರಿಪಡಿಸಿದ. ಸರಿಪಡಿಸುವಾಗ ಪಕ್ಕದ್ದು ಕದಲಿತು. ಅದನ್ನು ಕೂರಿಸಲು ಮತ್ತೆ ಸೂಜಿ ಇಳಿಸಿದ.

ಒಳಗಿನ ಕೋಣೆಯಿಂದ ಮಗಳು ಕೇಳಿದಳು, “ಅಪ್ಪಾ, ಆಯ್ತಾ?”

“ಆಯ್ತು ಕಂದ. ಇನ್ನೊಂದೇ ಒಂದು ಸಲ ನೋಡಿಬಿಡ್ತೀನಿ.”

ಸಂಜೆಯವರೆಗೂ ನೋಡಿದ. ಮರುದಿನ ವೈದ್ಯ ಬಂದು ಪರೀಕ್ಷಿಸಿದ. ಯಂತ್ರ ತಿರುಗಲಿಲ್ಲ. ಹೊಸದು ಕಟ್ಟಲು ಮತ್ತೆ ಮೂರು ತಿಂಗಳು ಬೇಕಿತ್ತು. ಹುಡುಗಿಗೆ ಅಷ್ಟು ದಿನ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಆ ಹುಡುಗಿಯನ್ನು ನೆನೆದು ಮರಿದೇವನಿಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕೊನೆಗೆ ತಡೆಯಲಾರದೆ ಕೇಳಿದ.

“ಮೊದಲನೆಯ ಸಲ ನೋಡಿದಾಗ ಎಲ್ಲ ಸರಿಯಾಗಿತ್ತು ಅಂದಿರಲ್ಲ ಬುದ್ಧಿ, ಅದು ಖಂಡಿತ ತಾನೇ?”

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು, “ಇನ್ನೊಂದು ಸಲ ನೋಡಲು ನೀನೂ ಹೊರಟೆಯಲ್ಲಪ್ಪ.”